ಎಮ್ಮೆ ಇಲ್ಲದ ಮೊಸರು

ಯಾರ ಮನೆಯ ಮೊಸರೂ ಪೂರ್ತಿ ಅವರದೇ ಆಗಿರುವುದಿಲ್ಲ. ಹಾಲು ನೀವು ಕಾಯಿಸಿರಬಹುದು, ಗಡಿಗೆ ನೀವು ತೊಳೆದಿರಬಹುದು, ಬೆರಳದ್ದಿ ಬಿಸಿ ನೋಡಿದ್ದೂ ನೀವೇ ಇರಬಹುದು. ಆದರೆ ಆ ಒಂದು ಚಮಚ ಹೆಪ್ಪು ಮೊಟ್ಟಮೊದಲು ಎಲ್ಲಿಂದಲೋ ಬಂದದ್ದು. ನೆರೆಮನೆಯಿಂದ, ಅವರಿಗೆ ಅವರ ನೆರೆಮನೆಯಿಂದ. ಹೀಗೇ ಹಿಂದಕ್ಕೆ ನಡೆದರೆ ಲೋಕದ ಮೊದಲ ಹೆಪ್ಪು ಯಾರದು? ಸಿಕಂದರಾಬಾದಿನ ನಮ್ಮ ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್, ಪ್ರತಿಯೊಂದಕ್ಕೂ ಒಂದು ಫಸ್ಟ್ ಕಾಸ್, ಅಂದರೆ ಮೂಲ ಕಾರಣ, ಇರುತ್ತದೆ, ಅದೇ ದೇವರು ಎನ್ನುತ್ತಿದ್ದರು. ಮೊಸರಿನ ವಿಷಯದಲ್ಲಿ ಈ ಪ್ರಶ್ನೆ ಎತ್ತಿ ನಾನೊಮ್ಮೆ ಬೆಂಚಿನ ಮೇಲೆ ನಿಂತಿದ್ದೇನೆ. ದೇವರು ಕೂತು ಹೆಪ್ಪು ಹಾಕುವುದನ್ನು ಕಲ್ಪಿಸಿಕೊಳ್ಳಲು ಅವರಿಗೆ ಆಗಲಿಲ್ಲ. ನನಗೆ ಅದು ಈಗಲೂ ಕಷ್ಟವೆನಿಸುವುದಿಲ್ಲ.

ಮದುವೆಯಾಗಿ ರಾಯಚೂರಿಗೆ ಬಂದಾಗ, ಅಲ್ಲಿ ಹೆಪ್ಪಿನ ಫಸ್ಟ್ ಕಾಸ್ ಎಲ್ಲರಿಗೂ ಗೊತ್ತಿತ್ತು: ದೇವದುರ್ಗ. ನನ್ನ ಅತ್ತೆ ನೀಲಮ್ಮ ದೇವದುರ್ಗದ ತವರಿನಿಂದ ಗಾಡಿಯಲ್ಲಿ ಗಂಡನ ಮನೆಗೆ ಬರುವಾಗ ಮಡಿಲಲ್ಲಿ ಒಂದು ಮೊಸರಿನ ಕುಡಿಕೆ ಇಟ್ಟುಕೊಂಡು ಬಂದಿದ್ದರಂತೆ. ಅಂದಿನಿಂದ ಆ ಮೊಸರಿನ ವಂಶ ಒಂದು ದಿನವೂ ತುಂಡಾಗಿರಲಿಲ್ಲ. ನೆಗಡಿಯಾದರೂ, ನೆಂಟರು ಬಂದರೂ, ಬರ ಬಿದ್ದು ಹಾಲು ಪಾವಿಗೆ ಇಳಿದರೂ ಕುಡಿಕೆಯ ತಳದಲ್ಲಿ ನಾಳೆಗೊಂದಿಷ್ಟು ಉಳಿಯುತ್ತಿತ್ತು. ಆ ಹೆಪ್ಪು ಹಾಕುವ ಕೆಲಸ ಅತ್ತೆಯಿಂದ ಸೊಸೆಗೆ ಹೋಗಬೇಕು. ಅದು ಕೈಗೆ ಬಂದ ದಿನ ಸೊಸೆ ಮನೆಯವಳಾದಂತೆ. ಅಲ್ಲಿಯವರೆಗೆ ಆಕೆ, ಎಷ್ಟು ರೊಟ್ಟಿ ಬಡಿದರೂ, ಮರ್ಯಾದಸ್ಥ ಅತಿಥಿ. ಅತ್ತೆಯ ಬೆರಳ ಗಂಟುಗಳು ನೋಯತೊಡಗಿದ್ದವು. ಬರುವ ಶ್ರಾವಣದಲ್ಲಿ ಗಡಿಗೆಯನ್ನು ನನಗೆ ಒಪ್ಪಿಸುವುದೆಂದು ಮಾತಾಗಿತ್ತು. ನಾನೂ ಕಾಯುತ್ತಿದ್ದೆ. ಮನೆಯಲ್ಲಿ ನನ್ನದೆನ್ನಲು ಆಗ ನನ್ನ ಹತ್ತಿರ ಇದ್ದದ್ದು ಒಂದು ಟ್ರಂಕು ಮತ್ತು ಒಂದಿಷ್ಟು ಇಂಗ್ಲಿಷು, ಎರಡಕ್ಕೂ ಅಡುಗೆಮನೆಯಲ್ಲಿ ಜಾಗವಿರಲಿಲ್ಲ.

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ಓಣಿಗೆ ಹಾಲು ಎಮ್ಮೆಯ ಜೊತೆಯಲ್ಲೇ ಬರುತ್ತಿತ್ತು. ಗೌಳಿ ಮಲ್ಲಣ್ಣ ಬೆಳಿಗ್ಗೆ ಎಮ್ಮೆಯನ್ನು ಮನೆ ಮನೆಯ ಮುಂದೆ ನಿಲ್ಲಿಸಿ, ಕಣ್ಣೆದುರಿಗೇ ಕರೆದು ಕೊಡುತ್ತಿದ್ದ. ಹಿಂದೆ ಕರು ಕುಣಿಯುತ್ತ ಬರುತ್ತಿತ್ತು. ಒಂದು ಬೆಳಿಗ್ಗೆ ಕರು ನಡೆದು ಬರಲಿಲ್ಲ, ಮಲ್ಲಣ್ಣನ ಹೆಗಲ ಮೇಲೆ ಬಂತು. ಅವನು ಅದನ್ನು ಇಳಿಸಿ ಎಮ್ಮೆಯ ಮೂಗಿನ ಮುಂದೆ ನಿಲ್ಲಿಸಿದ. ಕಾಲುಗಳು ಕಟ್ಟಿಗೆಯವು. ಹೊಟ್ಟೆಯ ಹೊಲಿಗೆಯಿಂದ ಒಣಹುಲ್ಲು ಹೊರಗೆ ಇಣುಕುತ್ತಿತ್ತು. ಎಮ್ಮೆ ಮೂಸಿತು, ಆಮೇಲೆ ನೆಕ್ಕತೊಡಗಿತು.

“ಮೊನ್ನಿ ಸತ್ತತ್ರೀ ಅಕ್ಕಾರ,” ಅಂದ ಮಲ್ಲಣ್ಣ. “ತೊಗಲಿಗಿ ಹುಲ್ಲು ತುಂಬಿಸೀನಿ. ಕರು ಕಾಣಲಿಲ್ಲಂದ್ರ ಹಾಲು ಇಳಸಲ್ಲ ಇದು.”

“ಎಮ್ಮಿಗಿ ಗೊತ್ತಾಗಲ್ಲೇನಪಾ?” ಎಂದೆ.

ಉತ್ತರ ಕೊಟ್ಟವರು ಅತ್ತೆ. “ಗೊತ್ತಿರ್ತದ ಬೇ. ಗೊತ್ತಿದ್ದೇ ನೆಕ್ಕತದ. ಹಡದ ಜೀವ ಅಲ್ಲೇನು?” ಹಾಗೆಂದು ಅವರು ಚರಿಗೆ ಒಡ್ಡಿದರು. ಅವರ ದನಿಯಲ್ಲಿ ಕಲ್ಲೇನೂ ಇರಲಿಲ್ಲ. ಕರುಣೆಯಿಂದಲೇ ಹೇಳಿದರು, ಕರುಣೆಯಿಂದಲೇ ಹಾಲು ತಂದು ಒಲೆಯ ಮೇಲಿಟ್ಟರು. ನನಗೆ ಮಾತ್ರ ಆ ದಿನದ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ. ಆಮೇಲೆ ಇಳಿಸುವ ಪ್ರಯತ್ನವನ್ನೇ ಬಿಟ್ಟೆ.

ಇದಕ್ಕೆ ಈಗ ವೀಗನ್ ಎಂದು ಹೆಸರಂತೆ, ನನ್ನ ಮೊಮ್ಮಗಳು ಹೇಳುತ್ತಾಳೆ. ಆಗ ನಮ್ಮ ಓಣಿಯಲ್ಲಿ ಇದಕ್ಕಿದ್ದ ಹೆಸರು ‘ತಲಿ ಕೆಟ್ಟದ’. ಅತ್ತೆಯ ಮೊದಲ ಅನುಮಾನ ಕಾನ್ವೆಂಟಿನ ಮೇಲೆ ಬಿತ್ತು. “ಆ ಬಿಳಿ ಸೀರಿ ಸಿಸ್ಟರಮ್ಮಗಳು ಹಾಲು ಕುಡಿಬ್ಯಾಡಂತ ಕಲಿಸ್ಯಾರೇನು?” ಪಾಪ, ಸಿಸ್ಟರುಗಳು ಪ್ರತಿ ಸಂಜೆ ಲೋಟದ ತುಂಬ ಹಾಲು ಕುಡಿಸಿ, ಹಾಲಿನ ಮೀಸೆ ಒರೆಸಿಕೊಳ್ಳದವರಿಗೆ ಮ್ಯಾನರ್ಸ್ ಕಲಿಸುತ್ತಿದ್ದರು. ಅವರಿಂದ ನಾನು ಪಡೆದದ್ದು ಡಿಸಿಪ್ಲಿನ್ ಒಂದೇ, ಅಂದರೆ ಶುದ್ಧ ಕನ್ನಡದಲ್ಲಿ ಹಟ.

ನಿಜ ಹೇಳಬೇಕೆಂದರೆ ಅಡುಗೆ ಏನೂ ಕಷ್ಟವಾಗಲಿಲ್ಲ. ರಾಯಚೂರಿನ ತಾಟಿನಲ್ಲಿ ಮುಕ್ಕಾಲು ಪಾಲಿಗೆ ಎಮ್ಮೆಯ ಸಂಬಂಧವೇ ಇಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಎಣ್ಣೆಗಾಯಿ. ಇವೆಲ್ಲ ನಾನು ಹುಟ್ಟುವ ಮೊದಲೇ ನನ್ನ ಪಕ್ಷದಲ್ಲಿದ್ದವು. ಚಹಾಕ್ಕೆ ಹಾಲಿನ ಬದಲು ನಿಂಬೆ ಹಿಂಡಿ, ಬೆಲ್ಲ ಹಾಕಿದೆ. ಪಕ್ಕದ ಮನೆಯ ಫಾತಿಮಾಬಿ ಅದನ್ನು ನೋಡಿ, “ಇದು ಸುಲೇಮಾನಿ ಅಲ್ಲೇನ್ರಿ? ನಮ್ಮ ನಾನಾ ದಿನಾ ಕುಡೀತಿದ್ರು. ನಾನೇನೋ ನೀವು ಹೊಸಾ ಫ್ಯಾಷನ್ ತಂದೀರಿ ಅಂದ್ಕೊಂಡಿದ್ದೆ,” ಎಂದು ನನ್ನ ಕ್ರಾಂತಿಯ ಗಾಳಿ ತೆಗೆದರು.

ಹಾಲು ಬಿಟ್ಟವಳಿಗೆ ಅಲ್ಲಿಗೇ ನಿಲ್ಲಲಾಗಲಿಲ್ಲ. ಹಟಕ್ಕೆ ಒಂದು ಗುಣವಿದೆ, ಅದು ಒಂಟಿಯಾಗಿ ಬಾಳುವುದಿಲ್ಲ. ತೊಗಲಿನ ಕರುವನ್ನು ಕಂಡ ಮೇಲೆ ನನ್ನ ತೊಗಲಿನ ಚಪ್ಪಲಿಯ ಕಡೆಗೆ ನೋಡದಿರುವುದು ಹೇಗೆ? ಸ್ಟೇಷನ್ ರಸ್ತೆಯಲ್ಲಿ ಹಮಾಲರಿಗಾಗಿ ಮಾಡುತ್ತಿದ್ದ ಹಳೇ ಟೈರಿನ ಚಪ್ಪಲಿ ಕೊಂಡೆ. ಗಟ್ಟಿಯೇನೋ ಗಟ್ಟಿ, ಆದರೆ ನಡೆದರೆ ಲಾರಿ ಬಂದಂತೆ ಸಪ್ಪಳ. ನನ್ನ ಯಜಮಾನರು ಹೈಸ್ಕೂಲು ಮೇಷ್ಟ್ರು; ಅವರ ಸಹೋದ್ಯೋಗಿಗಳ ಹೆಂಡತಿಯರೆಲ್ಲ ನೈಲೆಕ್ಸ್ ಸೀರೆಯುಟ್ಟು ತೇಲಿಕೊಂಡು ಬರುತ್ತಿದ್ದ ಕಾಲದಲ್ಲಿ ನಾನು ಕೈಮಗ್ಗದ ನೂಲಿನ ಸೀರೆ, ಟೈರಿನ ಚಪ್ಪಲಿಯಲ್ಲಿ ಸದ್ದು ಮಾಡುತ್ತ ಹೋಗುತ್ತಿದ್ದೆ. ರೇಷ್ಮೆ ಸೀರೆ ಟ್ರಂಕಿನ ತಳ ಸೇರಿತು. ಹರಿದ ಸೀರೆ ಕೌದಿಯಾಯಿತು, ಕೌದಿಯಾಗದ ಚೂರು ಒಲೆ ಮುಂದಿನ ಮಸಿಬಟ್ಟೆಯಾಯಿತು. ಪಾತ್ರೆಗೆ ಬೂದಿ, ತಲೆಗೆ ಅಂಟುವಾಳ, ಅಕ್ಕಿ ತೊಳೆದ ನೀರು ಕರಿಬೇವಿಗೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಅತ್ತೆ ಇದನ್ನೆಲ್ಲ ಜೀವಮಾನವಿಡೀ ಮಾಡಿದ್ದರು. ಅವರು ಮಾಡಿದರೆ ಅದು ಸಂಸಾರ, ನಾನು ಮಾಡಿದರೆ ತತ್ವ, ಪ್ರಿನ್ಸಿಪಲ್. ಅಷ್ಟೇ ವ್ಯತ್ಯಾಸ.

ಉಳಿದದ್ದು ಮೊಸರು. ರಾಯಚೂರಿನ ಬೇಸಗೆಯಲ್ಲಿ ಮೊಸರಿಲ್ಲದೆ ಊಟ ಮುಗಿಸುವುದೆಂದರೆ ಬಾಗಿಲು ಹಾಕದೆ ಮನೆ ಬಿಟ್ಟು ಹೋದಂತೆ. ಅದನ್ನೂ ತಡೆದುಕೊಳ್ಳುತ್ತಿದ್ದೆ. ತಡೆಯಲಾರದ್ದು ಇನ್ನೊಂದು: ಶ್ರಾವಣ ಬಂತು, ಗಡಿಗೆ ನನ್ನ ಕೈಗೆ ಬರಲಿಲ್ಲ.

“ನಾ ಉಣ್ಣಲ್ಲ ಖರೆ ಅತ್ತಿ, ಆದ್ರ ನಿಮಗ ಹೆಪ್ಪು ಹಾಕಿ ಕೊಡ್ತೀನಲ್ರೀ,” ಎಂದು ನಾನೇ ಕೇಳಿದೆ.

“ತಾ ಉಣ್ಣಲಾರದ್ದು ಮಂದಿಗಿ ಬಡಸಬಾರದವ್ವ. ಅದು ನಮ್ಮನ್ಯಾಗ ನಡದಿಲ್ಲ,” ಎಂದರು ಅತ್ತೆ. ಜಗಳದ ಮಾತಲ್ಲ, ಮೆತ್ತಗೇ ಹೇಳಿದರು. ಆಮೇಲೆ ಆ ಗಂಟುಬೆರಳುಗಳಲ್ಲಿ ತಾವೇ ಗಡಿಗೆ ಎತ್ತಿದರು. ಅದನ್ನು ನೋಡುತ್ತ ನಿಲ್ಲುವುದು ನನಗೊದಗಿದ ಶಿಕ್ಷೆ. ಒಂದು ಲೋಟ ಹಾಲು ಕುಡಿದಿದ್ದರೆ ಎಲ್ಲ ಮುಗಿಯುತ್ತಿತ್ತು. ಕುಡಿಯಲಾಗಲಿಲ್ಲ. ಆದರೆ ಆ ಮನೆಯಲ್ಲಿ ಅತಿಥಿಯಾಗಿ ಮುದುಕಿಯಾಗುವುದಕ್ಕೂ ಮನಸ್ಸಿರಲಿಲ್ಲ. ಹಾಗಾದರೆ ಉಳಿದ ದಾರಿ ಒಂದೇ. ಆ ಹೆಪ್ಪಿನಿಂದಲೇ, ಎಮ್ಮೆಯಿಲ್ಲದೆ, ಮೊಸರು ಮಾಡಬೇಕು.

ಮೊದಲ ಎಕ್ಸ್‌ಪೆರಿಮೆಂಟು ಕುಸುಬೆ ಹಾಲಿನ ಮೇಲೆ. ನಮ್ಮ ಕಡೆ ಕುಸುಬೆ ನೆನೆಸಿ, ರುಬ್ಬಿ, ಹಿಂಡಿ ತೆಗೆದ ಹಾಲಿನಲ್ಲಿ ಹುಗ್ಗಿ ಮಾಡುತ್ತಾರೆ. ಅಷ್ಟು ಬೆಳ್ಳಗಿನ, ಅಷ್ಟು ದಪ್ಪನೆಯ ಹಾಲು ಹೆಪ್ಪುಗಟ್ಟದೆ ಇರುತ್ತದೆಯೇ? ಅತ್ತೆಯ ಗಡಿಗೆಯಿಂದ ಒಂದು ಚಮಚ ಕೇಳಿ ತಂದು, ಕದಡಿ, ಕೌದಿ ಹೊದಿಸಿ ಇಟ್ಟೆ. ಬೆಳಿಗ್ಗೆ ಮೇಲೆ ಎಣ್ಣೆ, ಕೆಳಗೆ ನೀರು, ನಡುವೆ ಒಂಥರಾ ಕಹಿ ವಾಸನೆ. ಅತ್ತೆ ಬಗ್ಗಿ ನೋಡಿದರು. “ಗಾಣದ ಎಣ್ಣಿಗಿ ಹೆಪ್ಪು ಹಾಕಿದಂಗ ಆಗ್ಯದ. ನಾಳಿ ಚಿಮಣಿ ಎಣ್ಣಿಗಿ ಹಾಕಿ ನೋಡು,” ಎಂದು ಹೋದರು.

ಆಮೇಲೆ ಎಳ್ಳು, ಆಮೇಲೆ ಒಣಕೊಬ್ಬರಿ. ಒಂದು ಒಡೆದು ನನ್ನನ್ನು ಅಣಕಿಸಿತು, ಇನ್ನೊಂದು ನೀರಾಗಿಯೇ ಉಳಿದು ನೆಗ್ಲೆಕ್ಟ್ ಮಾಡಿತು. ಕೊನೆಗೆ ಶೇಂಗಾ. ಹಸಿ ಶೇಂಗಾಬೀಜ ನೆನೆಸಿ, ಸಿಪ್ಪೆ ತಿಕ್ಕಿ, ಒರಳಿನಲ್ಲಿ ನುಣ್ಣಗೆ ರುಬ್ಬಿ, ಹಳೇ ಸೀರೆಯ ಚೂರಿನಲ್ಲಿ ಹಿಂಡಿ, ಕುದಿಸಿ, ಬೆರಳು ತಾಳುವಷ್ಟು ಆರಿಸಿ ಹೆಪ್ಪು ಹಾಕಿದೆ. ಬೆಳಿಗ್ಗೆ ಗಡಿಗೆ ಓರೆ ಮಾಡಿದರೆ ಅದು ಅಲುಗಲಿಲ್ಲ. ನಾನೂ ಸ್ವಲ್ಪ ಹೊತ್ತು ಅಲುಗಲಿಲ್ಲ.

ಹೀಗೆ ಒಂದು ಮನೆಯಲ್ಲಿ ಎರಡು ಗಡಿಗೆಗಳಾದವು. ಮೂಲದ ಒಂದು ಚಮಚ ಎಮ್ಮೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ನಿನ್ನೆಯದರಿಂದ ಇಂದಿನದು, ಇಂದಿನದರಿಂದ ನಾಳೆಯದು. ಎಮ್ಮೆ ಹಿಂದೆ ಹಿಂದೆ ಸರಿಯುತ್ತ ಹೋಗಿ ಕೊನೆಗೆ ಒಂದು ನೆನಪಾಗಿ ಉಳಿಯಿತು. ನಮ್ಮೆಲ್ಲರಲ್ಲೂ ಮುತ್ತಜ್ಜಿಯರು ಉಳಿದಿರುವುದು ಹಾಗೇ. ಹಿಂಡಿ ಉಳಿದ ಶೇಂಗಾ ಚರಟವನ್ನು ಮಲ್ಲಣ್ಣನ ಎಮ್ಮೆಗೆ ಹಾಕುತ್ತಿದ್ದೆ. ಅದರಿಂದ ನಾನು ಏನೂ ಪಡೆಯುತ್ತಿರಲಿಲ್ಲ, ಅದು ಮಾತ್ರ ನನ್ನ ಬಾಗಿಲಲ್ಲಿ ನಿಂತು ವಸೂಲಿ ಮಾಡಿಕೊಂಡು ಹೋಗುತ್ತಿತ್ತು. ಯಜಮಾನರು ಎರಡೂ ಗಡಿಗೆಯಿಂದ ಬಡಿಸಿಕೊಂಡು, ಕಲಸಿ, ಎರಡನ್ನೂ ಹೊಗಳಿ, ಯಾವ ಕಡೆಯ ವೋಟನ್ನೂ ಕಳೆದುಕೊಳ್ಳದೆ ಎದ್ದುಹೋಗುತ್ತಿದ್ದರು. ಅತ್ತೆ ನನ್ನ ಗಡಿಗೆಯನ್ನು ಮುಟ್ಟಲಿಲ್ಲ. ಅದರ ಬಗ್ಗೆ ಒಳ್ಳೆಯದಾಡಲಿಲ್ಲ, ಕೆಟ್ಟದ್ದೂ ಆಡಲಿಲ್ಲ. ಓಣಿಯ ಎಲ್ಲ ಸೊಸೆಯರ ಎಲ್ಲ ಅಡುಗೆಯಲ್ಲೂ ಉಪ್ಪು ಹುಳಿ ತೂಗಿ ನೋಡುವ ಆ ಬಾಯಿ, ನನ್ನ ಮೊಸರಿನ ಎದುರು ಮಾತ್ರ ಮೌನ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ವರ್ಷಗಳು ಹಾಗೇ ಹೋದವು.

ಎಂಬತ್ತರ ದಶಕದ ಶುರುವಿನಲ್ಲಿ ಯಜಮಾನರಿಗೆ ಮಾನ್ವಿಗೆ ವರ್ಗವಾಯಿತು. ಅತ್ತೆ ರಾಯಚೂರು ಬಿಡಲು ಒಪ್ಪಲಿಲ್ಲ. ಮೈದುನನೂ ಮನೆಯಲ್ಲಿದ್ದ, ಓಣಿಯ ತುಂಬ ಅವರ ಗೆಳತಿಯರಿದ್ದರು, “ಆ ಊರಾಗ ನಾ ಯಾರ ಕೂಡ ಮಾತಾಡ್ಲಿ, ಗ್ವಾಡಿ ಕೂಡೇನು?” ಎಂದರು. ಹೊಸ ಮನೆಗೆ ಮೊದಲು ಹೋಗಬೇಕಾದದ್ದು ಉಪ್ಪು, ಜೋಳ, ಹೆಪ್ಪು. ಯಾವ ಹೆಪ್ಪು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಹೊರಡುವ ಹಿಂದಿನ ದಿನ ನನ್ನ ನಾದಿನಿ ಗಿರಿಜಾ ದೇವದುರ್ಗದಿಂದ ಬಂದಳು. ಅವಳು ಮದುವೆಯಾಗಿ ಹೋಗಿದ್ದು ಅದೇ ಊರಿಗೆ. ಅತ್ತೆ ತಮ್ಮ ಗಡಿಗೆಯಿಂದ ಒಂದು ಕುಡಿಕೆ ತುಂಬಿ ಅವಳ ಕೈಯಲ್ಲಿಟ್ಟರು. “ಎಲ್ಲಿಂದ ಬಂದಿತ್ತೋ ಅಲ್ಲಿಗಿ ಹೋಗ್ಲಿ. ನನ್ನ ಕೈ ಇನ್ನ ಸಾಕಂತಾವ.”

ಆ ಮನೆಯ ಹೆಪ್ಪು ನನಗೆ ಸಿಗಲಿಲ್ಲ, ಅಷ್ಟೇ. ಸೋತೆನೆಂದು ಅನ್ನಿಸಿತು, ಆದರೆ ಆಗಲೂ ಒಂದು ಲೋಟ ಹಾಲು ಕುಡಿಯುವ ಮನಸ್ಸಾಗಲಿಲ್ಲ. ನನ್ನ ಕುಡಿಕೆಗೆ ಬಟ್ಟೆ ಕಟ್ಟತೊಡಗಿದೆ.

“ಎಲ್ಲಾ ಒಯ್ಯಾಕತ್ತೀ ಏನು?” ಎಂದರು ಅತ್ತೆ, ನನ್ನ ಕಡೆ ನೋಡದೆ. “ಬಿಸಲು ನೋಡು ಹೆಂಗದ. ದಾರ್ಯಾಗ ಚೆಲ್ಲಿತಂದ್ರ ಮತ್ತ ಎಲ್ಲಿಂದ ತರ್ತಿ? ಒಂದಿಷ್ಟು ಇಲ್ಲಿರಲಿ.”

ಒಂದು ಲೋಟದಷ್ಟು ಬಿಟ್ಟು ಹೋದೆ. ಮುದುಕಿಯರಿಗೆ ಏನನ್ನೂ ಪೂರ್ತಿ ಖಾಲಿಯಾಗಲು ಬಿಡದ ಒಂದು ಅಭ್ಯಾಸವಿರುತ್ತದೆ, ಅದೇ ಇದು ಎಂದುಕೊಂಡೆ.

ಮಾನ್ವಿಯ ಬಸ್ಸು ಕುರಿ ಹಿಂಡಿಗೆ ಬ್ರೇಕು ಹಾಕಿದಾಗ ನನ್ನ ಕುಡಿಕೆ ಸೀಟಿನ ಕಂಬಿಗೆ ಬಡಿದು ಎರಡು ಹೋಳಾಯಿತು. ಮುಂದಿನ ಸೀಟಿನಲ್ಲಿದ್ದ ರೈತನೊಬ್ಬ ಬೆನ್ನು ಒರೆಸಿಕೊಂಡು, ಬೆರಳು ಮೂಸಿ, “ಯವ್ವಾ, ಮಸರಿನಾಗ ಶೇಂಗಾ ವಾಸ್ನಿ ಬರಾಕತ್ತದಲ್ಲ,” ಎಂದು ಗಾಬರಿಯಾದ. ಮಾನ್ವಿಯ ಹೊಸ ನೆರೆಯವರು ಸಂಜೆ ಪ್ರೀತಿಯಿಂದ ಒಂದು ಬಟ್ಟಲು ಎಮ್ಮೆ ಮೊಸರು ತಂದರು. ಕೈಮುಗಿದು ಬೇಡವೆಂದೆ. ಊರಿಗೆ ಬಂದ ದಿನವೇ ಕೊಬ್ಬಿನ ಹೆಂಗಸೆಂದು ಹೆಸರು ಪಡೆದೆ. ಭಾನುವಾರ ಬೆಳಗಿನ ಬಸ್ಸಿಗೆ ರಾಯಚೂರಿಗೆ ಬಂದೆ. ಆ ಒಂದು ಲೋಟ ಇಷ್ಟು ದಿನ ಉಳಿದಿರುವುದಿಲ್ಲ, ಆ ಸೆಕೆಯಲ್ಲಿ ಬೂಷ್ಟು ಹಿಡಿದಿರುತ್ತದೆ ಎಂದು ಗೊತ್ತಿತ್ತು. ಆದರೂ ಬಂದೆ.

ಅಡುಗೆಮನೆಯಲ್ಲಿ ಅತ್ತೆ ಒರಳ ಮುಂದೆ ಕೂತಿದ್ದರು. ಪಕ್ಕದ ಮೊರದಲ್ಲಿ ಶೇಂಗಾದ ಕೆಂಪು ಸಿಪ್ಪೆ. ಒರಳುಗುಂಡನ್ನು ಬೆರಳಿನಿಂದ ಹಿಡಿಯಲಾರದೆ ಎರಡೂ ಅಂಗೈಯಿಂದ ತಿರುಗಿಸುತ್ತಿದ್ದರು. ಮೈದುನ ಮನೆಯಲ್ಲೇ ಇದ್ದ, ರುಬ್ಬಿಕೊಡಲು ಅವನಿಗೆ ಹೇಳಿರಲಿಲ್ಲ.

ನನ್ನನ್ನು ಕಂಡು ಅವರು ಏಳಲಿಲ್ಲ. ಗಡಿಗೆಯ ಕಡೆ ಗದ್ದ ಎತ್ತಿದರು, ಅದರ ತುಂಬ ಹೊಸ ಶೇಂಗಾ ಮೊಸರು. “ಒಯ್ಯಿ. ಆದ್ರ ನೀ ಮಾಡ್ತಿದ್ದಂಗ ಮಾಡಿದ್ರ ಮಂದಿ ಉಣ್ಣಲ್ಲ ನೋಡು. ಸಿಪ್ಪಿ ಚಲೋ ತಗೀಬೇಕು, ಒಗರು ಬರ್ತದ. ಮತ್ತ ನೀ ಬಿಸಿ ಇದ್ದಾಗ ಹೆಪ್ಪು ಹಾಕ್ತಿದ್ದಿ ಕಾಣ್ತದ, ಭಾಳ ಹುಳಿ. ಇಷ್ಟು ವರ್ಷ ಇಂಥಾದ್ದು ಉಣಿಸೀಯೇನು ನನ್ನ ಮಗಗ?”

ನಾನು ಅವರ ಕೈಯಿಂದ ಒರಳುಗುಂಡು ತೆಗೆದುಕೊಂಡು ಎದುರಿಗೆ ಕೂತೆ. ಅವರು ಬೈಯುತ್ತಲೇ ಇದ್ದರು: ನೀರು ಜಾಸ್ತಿ, ರುಬ್ಬುವುದು ಕಮ್ಮಿ, ಬಟ್ಟೆ ದೊಡ್ಡ ಕಣ್ಣಿನದು. ಹೊಗಳಿಕೆಯನ್ನು ಯಾರು ಯಾರಿಗಾದರೂ ಕೊಡುತ್ತಾರೆ, ದಾರಿಹೋಕರಿಗೂ ಕೊಡುತ್ತಾರೆ. ತಪ್ಪು ಹುಡುಕುವಷ್ಟು ಸಲಿಗೆ ಮಾತ್ರ ಮನೆಯವರಿಗೇ ಮೀಸಲು. ಆ ಭಾನುವಾರ ಊಟದ ಹೊತ್ತಿನ ತನಕ ನನ್ನ ಮೊಸರಿನಲ್ಲಿ ಅವರು ಕಂಡ ದೋಷಗಳಿಗೆ ಕೊನೆಯೇ ಇರಲಿಲ್ಲ, ನಾನು ಒಂದನ್ನೂ ತಡೆಯಲಿಲ್ಲ.