ಸಾರಿ ಎಂಬ ಒಂದೇ ಮಾತು

ನನ್ನ ತಂಗಿಯ ಗಂಡ ಒಣ ಮನುಷ್ಯ. ಪದಗಳ ಮೇಲೆ ಅವನಿಗಿದ್ದ ಕರುಣೆ ಮನುಷ್ಯರ ಮೇಲಿರಲಿಲ್ಲ.

ನಿಘಂಟು ಕಚೇರಿಯಲ್ಲಿ ಅವನ ಕೆಲಸ ಇಂಗ್ಲಿಷ್ ಪದಗಳ ಹುಟ್ಟು ಹುಡುಕುವುದು. ಮದುವೆಯಾದ ಹೊಸದರಲ್ಲಿ ತಂಗಿ ಚಹಾ ಚೆಲ್ಲಿ ‘ಸಾರಿ’ ಎಂದಾಗ, ಒರೆಸುವ ಬಟ್ಟೆ ಕೊಡುವ ಬದಲು ಆ ಪದದ ವಂಶಾವಳಿ ಬಿಚ್ಚಿದನಂತೆ. ದುಃಖವೆಂಬ ‘ಸಾರೋ’ಗೂ ಇದಕ್ಕೂ ನೆಂಟಸ್ತನವಿಲ್ಲ, ಇದು ‘ಸೋರ್’, ಅಂದರೆ ಹುಣ್ಣು, ನೋವು ಎಂಬುದರ ಮಗಳು. ಅದರ ಅರ್ಥ ಮೊದಲು ನೋವುಂಡದ್ದು, ಆಮೇಲೆ ಮನ ನೊಂದದ್ದು, ಗತಿಗೆಟ್ಟದ್ದು. ಈಗ ಬಸ್ಸಿನಲ್ಲಿ ಮೈ ತಾಗಿದರೆ ಉದುರಿಸುವ ಚಿಲ್ಲರೆ ಮಾತು.

ಹೋದ ವರ್ಷ ತಂಗಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತಿನಲ್ಲಿ ಉಳಿದದ್ದು ಒಂದೇ ಪದ: ಸಾರಿ. ನೀರಿಗೂ ಅದೇ, ಕಿಟಕಿ ಮುಚ್ಚುವುದಕ್ಕೂ ಅದೇ. ಇಂಥ ರೋಗದಲ್ಲಿ ನಾಲಿಗೆಗೆ ಯಾವುದೋ ಒಂದು ಪದ ಅಂಟಿಕೊಳ್ಳುತ್ತದೆ ಎಂದರು ಡಾಕ್ಟರು.

“ಮಲಗಿದವರೇ ಕ್ಷಮೆ ಕೇಳೋ ಮನೆ ಇದೊಂದೇ ಕಣ್ರೀ,” ಎಂದು ಪಕ್ಕದ ಮನೆಯಾಕೆ ನಗುತ್ತಿದ್ದಳು.

ಅವನೂ ಕ್ಷಮೆ ಎಂದೇ ತಿಳಿದ. ಕಚೇರಿಗೆ ಹೊರಡುವಾಗ, “ಸಾಕು ಬಿಡೇ, ನಿಂದೇನೂ ತಪ್ಪಿಲ್ಲ,” ಎಂದು ಹೊದಿಕೆ ಎಳೆದು ನಡೆಯುತ್ತಿದ್ದ. ಬೆನ್ನ ಹಿಂದೆ ಅವಳು ಇನ್ನಷ್ಟು ಗಟ್ಟಿಯಾಗಿ ಅದನ್ನೇ ಹೇಳುತ್ತಿದ್ದಳು. ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು ಮುಖ, ಕೈಕಾಲು ಒರೆಸಿ ಕೆಲಸ ಮುಗಿಸುತ್ತಿದ್ದಳು.

ಆ ಹೆಂಗಸು ಬಿಟ್ಟುಹೋದ ಮೇಲೆ ಬಂದ ದಾದಿ ಮೊದಲ ದಿನವೇ ತಂಗಿಯನ್ನು ಮಗ್ಗುಲಿಗೆ ಹೊರಳಿಸಿದಳು. ನಾನೂ ಅಲ್ಲೇ ಇದ್ದೆ. ಸೊಂಟದ ಕೆಳಗೆ ಹಾಸಿಗೆ ಹುಣ್ಣು ಬಾಯಿಬಿಟ್ಟಿತ್ತು.

“ಇವರನ್ನ ಯಾರೂ ಹೊರಳಿಸ್ತಾನೇ ಇರ್ಲಿಲ್ವಾ?”

ಅವನು ಡಾಕ್ಟರನ್ನು ಕರೆಸಿದ. ಡಾಕ್ಟರು ಬಂದು ನೋಡಿದರು. ಹುಣ್ಣು ಎಲುಬು ಮುಟ್ಟಿದೆ, ನಂಜು ರಕ್ತಕ್ಕೆ ಸೇರಿದೆ, ಇನ್ನು ಮಾಡುವುದೇನೂ ಇಲ್ಲ ಎಂದರು.

ಅವರು ಹೋದ ಮೇಲೆ ಅವನೆಂದ, “ನೋವು ಅಂತ ಹೇಳ್ತಿದ್ಲು, ಅತ್ತಿಗೆ. ಆ ಪದದ ಮೊದಲನೇ ಅರ್ಥ.”

“ಅವಳ ಹತ್ರ ಇದ್ದದ್ದೇ ಅದೊಂದು ಶಬ್ದ. ಇದರಲ್ಲೂ ಪಾಂಡಿತ್ಯ ತರಬೇಡ. ಮುಖ ನೋಡಿದ್ರೆ ಸಾಕಿತ್ತು.”

ಮರುದಿನ ಮಧ್ಯಾಹ್ನ ಹೋದಾಗ ದಾದಿ ತಂಗಿಯನ್ನು ಗೋಡೆಯ ಕಡೆಗೆ ಮಗ್ಗುಲಾಗಿಸಿದ್ದಳು. ಮಂಚದ ಪಕ್ಕ ಬರಿ ನೆಲದ ಮೇಲೆ ಅವನು ಅಂಗಾತ ಬಿದ್ದಿದ್ದ. ಜಾರಿ ಬಿದ್ದನೇನೋ ಎಂದು ಕೈ ಚಾಚಿದೆ.

“ಎಬ್ಬಿಸ್ಬೇಡಿ,” ಎಂದ. “ಬೆಳಗಿಂದ ಅಲುಗಾಡಿಲ್ಲ. ಎಲ್ಲೆಲ್ಲಿ ನೋಯುತ್ತೆ ಅಂತ ನೋಡ್ತಿದೀನಿ.”

ಅವನ ಮೂಗಿನ ಮೇಲೆ ನೊಣ ಬಂದು ಕೂತಿತು. ಅವನು ಕೈ ಎತ್ತಲಿಲ್ಲ.