ಹಳ್ಳಕ್ಕೆ ಬಿಟ್ಟ ಜಾಗ

ನಮ್ಮ ಊರಿಗೂ ಒಂದು ಚರಿತ್ರೆ ಇದೆ. ಅದು ಶುರುವಾದದ್ದು ಹಿರಿಯರು ಮಾಡಿದ ಒಂದು ಪೆದ್ದುತನದಿಂದ. ಕಾಳಿ ನದಿಗೆ ಅಣೆಕಟ್ಟು ಬಂದು ಜೋಯಿಡಾ ಕಡೆಯ ನಮ್ಮ ಹಳೆಯ ಊರು ಮುಳುಗುವುದು ಖಾತ್ರಿಯಾದಾಗ, ಹಳಿಯಾಳದ ಹತ್ತಿರ ಸರ್ಕಾರದವರು ಒಂದು ಬಯಲು ತೋರಿಸಿ ಇಲ್ಲಿರಿ ಎಂದರಂತೆ. ಏಳೆಂಟು ಮನೆಯವರು ಬಾಗಿಲು, ತೊಲೆ, ಹಂಚುಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ಅಲ್ಲಿ ಯಾರ ಪಕ್ಕ ಯಾರಿದ್ದರೋ ಇಲ್ಲೂ ಅದೇ ಸಾಲಿನಲ್ಲಿ ಮನೆ ಹಾಕಿದರು. ಅಲ್ಲಿ ಊರ ನಡುವೆ ಹಳ್ಳವೊಂದು ಹರಿಯುತ್ತಿತ್ತು. ಇಲ್ಲಿ ಹಳ್ಳವಿರಲಿಲ್ಲ. ಆದರೂ ಅದಕ್ಕೆ ಜಾಗ ಬಿಟ್ಟರು! ಅಕ್ಕಪಕ್ಕದ ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ, ಅವರ ಊರೇನು ಮುಳುಗಿತ್ತೇ?

ನಾನಾಗ ಆಯಿಯ, ಅಂದರೆ ಅಜ್ಜಿಯ, ಕಂಕುಳಲ್ಲಿದ್ದ ಕೂಸು. ಹಳ್ಳ ಕಂಡ ನೆನಪಿಲ್ಲ. ನನಗೆ ಗೊತ್ತಿದ್ದುದು ಆ ಖಾಲಿ ಪಟ್ಟಿಯೊಂದೇ. ಎದುರು ಸಾಲಿನವರು ನಮಗೆ ‘ಹಳ್ಳದಾಚೆಯವರು’. ಅವರ ಮನೆಗೆ ಮಜ್ಜಿಗೆ ಕೇಳಲು ಹೊರಟರೆ ಆಯಿ ಆ ಒಣ ನೆಲದಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿದು ದಾಟುತ್ತಿದ್ದಳು. ಬಟ್ಟೆ ಒಗೆಯುವ ಕಲ್ಲು ಇಲ್ಲಿತ್ತು, ಏಡಿಯ ಬಿಲ ಅಲ್ಲಿತ್ತು ಎಂದು ತೋರಿಸುತ್ತಿದ್ದಳು. ಅವಳು ತೋರಿಸಿದಲ್ಲಿ ಕಾಲಿಟ್ಟು ನಾನು ನೀರಿನ ತಂಪಿಗಾಗಿ ಆಸೆಪಡುತ್ತಿದ್ದೆ.

ಅಕ್ಕನ ಮದುವೆಯಾಗಿ ಮಗುವಾದ ಮೇಲೆ ಅವಳೂ ಭಾವನೂ ಊರಲ್ಲೇ ನೆಲೆಸಲು ಬಂದರು. ಮನೆ ಕಟ್ಟಲು ಜಾಗವೆಲ್ಲಿದೆ? ಊರಿನ ಸುತ್ತ ಕಾಡಿನ ಗಡಿಕಲ್ಲುಗಳು. ಉಳಿದದ್ದು ಆ ಪಟ್ಟಿ ಮಾತ್ರ. ಅದು ಸಿಗದಿದ್ದರೆ ಕೂಲಿಗೆ ಗೋವಾಕ್ಕೆ ಹೋಗುತ್ತೇವೆ ಎಂದ ಭಾವ. ಹಿರಿಯರು ಆಯಿಯ ಮುಖ ನೋಡಿದರು. ಅವಳು ಸರಿಯಾಗಿ ಉಣ್ಣುವುದನ್ನೂ ಬಿಟ್ಟಳು. ಕೊಡುವುದಿಲ್ಲ ಎನ್ನಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಆದರೆ ಅಕ್ಕ ಊರು ಬಿಟ್ಟು ಹೋಗುವುದೂ ನನಗೆ ಬೇಡವಾಗಿತ್ತು.

ಒಂದು ಬೆಳಿಗ್ಗೆ ಆಯಿಯೇ ಅಕ್ಕನ ಕೈಹಿಡಿದು ಪಟ್ಟಿಯ ನಡುವೆ ಕರೆತಂದಳು.

“ಇಲ್ಲೇ ಕಟ್ಟ್ರಿ. ಪಾಯಾ ಮಾತ್ರ ಆಳಕ್ಕ ತಗೀರಿ. ಹಳ್ಳದ ನೆಲ ಐತಿ, ಹಸಿ ಇರ್ತದ.”

ಯಾರೂ ನಗಲಿಲ್ಲ. ಅವಳ ಮಾತಿಗೆ ತಕ್ಕಂತೆ ಭಾವ ಎದೆಮಟ್ಟ ಅಗೆದ. ಬುಟ್ಟಿಯಲ್ಲಿ ಮಣ್ಣು ಮೇಲೆ ಬಂದಾಗಲೆಲ್ಲ ಆಯಿ ಕೈಯಾಡಿಸಿ ನೋಡುವಳು. ನಾನೂ ನೋಡುವೆ. ತಳದವರೆಗೂ ಒಣ ಕೆಂಪು ಮಣ್ಣು. ಕಡೆಗೆ ಅವಳು ಕೈ ಝಾಡಿಸಿಕೊಂಡು, ಕಲ್ಲು ಇಡಲು ಹೇಳಿ ಮನೆಗೆ ಹೋದಳು.

ಅಕ್ಕ ಊರಲ್ಲೇ ಉಳಿದಳು, ನನಗೆ ಅದಕ್ಕಿಂತ ಹೆಚ್ಚೇನು ಬೇಕಿತ್ತು? ಆದರೂ ಆ ಮನೆಯ ಗೋಡೆ ಎದ್ದ ದಿನ, ನಾನು ಕಂಡೇ ಇರದ ಊರು ನನ್ನ ಪಾಲಿಗೂ ಮುಳುಗಿತು.