ತಾನೇ ಓಡುವ ಕಾರಿನ ಡ್ರೈವರ್

ನಮ್ಮ ಬಳ್ಳಾರಿ ಬ್ರೂಸ್‌ಪೇಟೆಯ ಅಮೀರಸಾಬ್ ಅದಿರು ಲಾರಿ ಓಡಿಸಿ ನಡು ಕೆಡಿಸಿಕೊಂಡವನು. ಗಣಿ ಸಾಹುಕಾರ ಹೊನ್ನೂರಪ್ಪನವರ ಕಾರಿಗೆ ಡ್ರೈವರ್ ಆದ ಮೇಲೇ ಅವನು ನೆಟ್ಟಗೆ ಕೂತು ಊಟ ಮಾಡಿದ್ದು. ಕಾರು ತನ್ನದೇ ಎಂಬಂತೆ ಓಣಿಯಲ್ಲಿ ಬೀಗುತ್ತಿದ್ದ, ಆಸಾಮಿ.

ಬಳ್ಳಾರಿಯ ಕೆಂಪು ಮಣ್ಣೆಲ್ಲ ದುಡ್ಡಾಗುತ್ತಿದ್ದ 2008ರಲ್ಲಿ ಸಾಹುಕಾರರು ಒಂದು ಫಾರಿನ್ ಕಾರು ತರಿಸಿದರು. ಮಾರಲು ಬಂದ ಟೈ ಕಟ್ಟಿದವನು, "ಸಾರ್, ಮುಂದೆ ಏನೇ ಅಡ್ಡ ಬರಲಿ, ಇದು ತಾನೇ ನೋಡಿ ತಾನೇ ಬ್ರೇಕ್ ಹಾಕುತ್ತೆ. ತಾನೇ ಪಾರ್ಕ್ ಆಗುತ್ತೆ. ಡ್ರೈವರ್ ಯಾಕೆ ಬೇಕು?" ಎಂದುಬಿಟ್ಟ. ಅವನಿಗೇನು, ಮಾತು ಪುಕ್ಕಟೆ. ಸಾಹುಕಾರರು ನಂಬಿದರು.

"ಅಮೀರ, ಒಂದನೇ ತಾರೀಖಿಂದ ನೀ ಲಾರಿಗೆ ಹೋಗು. ಇದು ತಾನ ಓಡ್ತೈತಿ."

ಮತ್ತೆ ಲಾರಿ ಹತ್ತಿದರೆ ಉಳಿದ ನಡುವೂ ಹೋದಂತೆಯೇ. ಅಮೀರಸಾಬನಿಗೆ ಅಳು ಬಂತು. "ಹೂನ್ರಿ ಸಾವ್ಕಾರ್ರ" ಎಂದ, ಅಷ್ಟೇ.

ಹೊಸ ಕಾರಿನ ಮೊದಲ ಸವಾರಿ ಕುರುಗೋಡಿಗೆ, ಬೀಗರ ಮನೆಗೆ. ಸಾಹುಕಾರರ ಹೆಂಡತಿ ಈರಮ್ಮ ಪೂಜೆ ಮಾಡಿ, ಕುಂಬಳಕಾಯಿ ಒಡೆಸಿ, ದೃಷ್ಟಿಯಾಗದಿರಲೆಂದು ಕಾರಿನ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿಯ ಸರ ಕಟ್ಟಿದರು. ದೊಡ್ಡ ಕಾರಿಗೆ ಒಂದು ಸಾಲದೆಂದು ಐದು ಕಟ್ಟಿದರು. ಟ್ರ್ಯಾಕ್ಟರ್ ಓಡಿಸಿದ ಕಾಲದ ಧೈರ್ಯದಲ್ಲಿ ಸಾಹುಕಾರರೇ ಸ್ಟೇರಿಂಗ್ ಹಿಡಿದರು. ಡ್ರೈವರ್ ಹಿಂದಿನ ಸೀಟಿನಲ್ಲಿ ಸಾಹುಕಾರನಂತೆ ಕೂತ.

ಊರು ದಾಟಿದ್ದೇ ತಡ, ಕಾರು ಗಕ್ಕನೆ ನಿಂತಿತು. ಮುಂದೆ ನರಪಿಳ್ಳೆಯೂ ಇರಲಿಲ್ಲ. ಹತ್ತು ಮಾರು ಹೋಗಿ ಮತ್ತೆ ನಿಂತಿತು. ಸಾಹುಕಾರರ ಹಣೆ ಎರಡು ಸಲ ಸ್ಟೇರಿಂಗಿಗೆ ಬಡಿಯಿತು. ಹಿಂದಿನ ಲಾರಿಯವರು ತೆಲುಗಿನಲ್ಲಿ ಬೈಯುತ್ತ ಮುಂದೆ ಹೋದರು. ಎಮ್ಮೆ ಹೊಡೆದುಕೊಂಡು ಹೊರಟಿದ್ದ ಮುದುಕಿಯೂ ಎಮ್ಮೆಗಳ ಸಮೇತ ಕೋಟಿ ರೂಪಾಯಿಯ ಕಾರನ್ನು ಹಿಂದೆ ಹಾಕಿದಳು.

ಸಾಹುಕಾರರು ಟೈಯವನಿಗೆ ಫೋನ್ ಹಚ್ಚಿದರು. ಮೂತಿಯಲ್ಲಿರುವ ಗಾಜಿನ ಕಣ್ಣಿಗೆ ಏನಾದರೂ ಅಡ್ಡ ಇದೆಯೇ ನೋಡಿ ಎಂದ ಅವನು.

"ಅಮೀರ, ಇಳದು ನೋಡು."

ಅಮೀರಸಾಬ್ ನೋಡಿದ. ಆ ಕಣ್ಣಿನ ಎದುರಿಗೇ ಐದೂ ಸರ ತೂಗುತ್ತಿದ್ದವು. ಹೇಳಿದರೆ ಕಾರು ಸರಿಹೋಗಿ ತನ್ನ ಕೆಲಸ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಉಪ್ಪು ತಿಂದ ಮನೆಯವರ ಮುಂದೆ ಸುಳ್ಳಾಡಲು ಬಾಯಿ ಬರಲಿಲ್ಲ.

"ಅಕ್ಕಾರು ಕಟ್ಟಿದ ನಿಂಬಿಹಣ್ಣು ಅದಾವ್ರಿ."

"ಅವು ಇರಬೇಕಾದ್ವು. ದೃಷ್ಟಿವು. ಅವು ಬಿಟ್ಟು ಬ್ಯಾರೆ ಏನೈತಿ ಹೇಳಲೇ."

"ಬ್ಯಾರೆ ಏನೂ ಇಲ್ರಿ."

"ಏನೂ ಇಲ್ಲಂತ" ಎಂದು ಸಾಹುಕಾರರು ಫೋನಿಗೆ ಗದರಿದರು.

ಹಾಗಿದ್ದರೆ ಆ ವ್ಯವಸ್ಥೆಯನ್ನೇ ಆಫ್ ಮಾಡಿ, ಡ್ರೈವರ್ ಕೈಲಿ ಓಡಿಸಿ ಎಂದ ಟೈಯವನು. ಸಾಹುಕಾರರು ಹಣೆ ಸವರಿಕೊಳ್ಳುತ್ತ ಹಿಂದಕ್ಕೆ ಬಂದು ಕೂತರು. ಅಮೀರಸಾಬ್ ಓಡಿಸಿದ. ಕಾರು ನೀರಿನಂತೆ ಹೋಯಿತು.

ಕುರುಗೋಡಿನಲ್ಲಿ ಇಳಿಯುತ್ತಲೇ ಸಾಹುಕಾರರು ಬೀಗ ಗಾದೆಪ್ಪನವರ ಮುಂದೆ ಎದೆ ಉಬ್ಬಿಸಿದರು. "ಇದಕ್ಕ ಡ್ರೈವರ್ ಬೇಕಾಗಂಗಿಲ್ರಿ. ತಾನ ಓಡ್ತೈತಿ."

ಗಾದೆಪ್ಪನವರು ಸ್ಟೇರಿಂಗ್ ಮುಂದೆ ಕೂತವನನ್ನು ಬಗ್ಗಿ ನೋಡಿದರು. "ಮತ್ತ ಅಮೀರಸಾಬ್ ಯಾಕ ಬಂದಾನ್ರಿ?"

ಸಾಹುಕಾರರು ಸ್ವಲ್ಪವೂ ತಡವರಿಸಲಿಲ್ಲ.

"ಅಂವ ಇದ್ರಷ್ಟ ತಾನ ಓಡ್ತೈತ್ರಿ."